ವಿಮಾನ ಹತ್ತುವ ಮುಂಚಿನ ದಿನಗಳ ದಿಗಿಲು: ನೀವು ಹೇಗೆ ನಿಭಾಯಿಸುತ್ತೀರಿ?

ನಿದ್ದೆಗೇಡಿ
ವಿಮಾನದಲ್ಲಿ ಕೂತ ಮೇಲೆ ಆಗುವ ಭಯದ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ನನ್ನ ಪಾಡು ಅದಕ್ಕೂ ಮುಂಚಿನದು. ಮುಂದಿನ ವಾರ ತಂಗಿ ಹತ್ತಿರ ಹೋಗಬೇಕು. ಟಿಕೆಟ್ ಬುಕ್ ಆದ ಗಳಿಗೆಯಿಂದ ಹೊಟ್ಟೆಯಲ್ಲಿ ಒಂಥರಾ ಸಂಕಟ. ರಾತ್ರಿ ಮಲಗಿದರೆ ಸಾಕು, ಫೋನ್ ತೆಗೆದು ವಿಮಾನ ಅಲುಗಾಡುವ ವಿಡಿಯೋ ನೋಡುತ್ತೇನೆ, ಆ ದಿನದ ಹವಾಮಾನ ನೋಡುತ್ತೇನೆ, ನಾನು ಹೋಗುವ ವಿಮಾನ ಯಾವ ಮಾದರಿ, ಎಷ್ಟು ಹಳೆಯದು ಅಂತ ಹುಡುಕುತ್ತೇನೆ. ಸಮಾಧಾನ ಆಗಲಿ ಅಂತಲೇ ನೋಡುವುದು. ಆದರೆ ನೋಡಿದಷ್ಟೂ ಜಾಸ್ತಿ ಆಗುತ್ತಿದೆ. ಟಿಕೆಟ್ ರದ್ದು ಮಾಡುವ ಪುಟ ತೆರೆಯುವುದು, ಮುಚ್ಚುವುದು, ಇದೇ ಆಗಿದೆ.

"ಏನೂ ಆಗಲ್ಲ, ಧೈರ್ಯವಾಗಿರಿ" ಅನ್ನುವವರು ದಯವಿಟ್ಟು ಬೇರೆ ಚರ್ಚೆಗೆ ಹೋಗಿ. ಈ ಕಾಯುವ ದಿನಗಳನ್ನು ದಾಟುವುದು ಹೇಗೆ ಅಂತ ಅನುಭವ ಇದ್ದವರು ಹೇಳಿ.

ಸುಮ್ನೆ_ಓದೋನು
ಏನೂ ಆಗಲ್ಲ, ಧೈರ್ಯವಾಗಿರಿ.

ಕಿಟಕಿ_ಸೀಟು
ಮೇಲಿನವರು ಹೆಸರಿಗೆ ಮಾತ್ರ ಓದೋನು.

ನಟ್ಟುಬೋಲ್ಟು
ನಾನು ವಿಮಾನ ರಿಪೇರಿ ವಿಭಾಗದಲ್ಲಿ ಕೆಲಸ ಮಾಡುವವನು. ಭಯ ಇರುವವರ ಜೊತೆ ಮಾತಾಡಿದಾಗ ನನಗೆ ಅನ್ನಿಸಿದ್ದು, ಅರ್ಧ ಭಯ ಏನು ನಡೆಯುತ್ತಿದೆ ಅಂತ ಗೊತ್ತಿಲ್ಲದ್ದರಿಂದ ಬರುತ್ತದೆ. ಅದಕ್ಕೆ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರಾಗಬೇಡಿ.

ವಿಮಾನ ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ಕಾಲಡಿ ಧಡ್ ಅಂತ ಸದ್ದು ಬರುತ್ತದೆ. ಚಕ್ರ ಒಳಗೆ ಹೋಗಿ ಬಾಗಿಲು ಮುಚ್ಚಿದ್ದು ಅಷ್ಟೇ. ಆಮೇಲೆ ಸಾವಿರ, ಸಾವಿರದೈನೂರು ಅಡಿ ಹತ್ತಿರ ಇಂಜಿನ್ ಸದ್ದು ದಿಢೀರನೆ ಕಮ್ಮಿ ಆಗುತ್ತದೆ. ಹೆದರುವವರ ಎದೆ ನಿಲ್ಲುವುದು ಇಲ್ಲೇ. "ಇಂಜಿನ್ ಆಫ್ ಆಯ್ತು, ಕೆಳಗೆ ಬೀಳುತ್ತಿದ್ದೇವೆ" ಅನ್ನಿಸುತ್ತದೆ. ಆದರೆ ವಿಮಾನ ಆಗಲೂ ಮೇಲೇರುತ್ತಲೇ ಇರುತ್ತದೆ. ನೆಲ ಬಿಡುವಾಗ ಬೇಕಾದ ಜಾಸ್ತಿ ಶಕ್ತಿ ಆಮೇಲೆ ಬೇಡ, ಅದಕ್ಕೆ ಪೈಲಟ್ ಕಮ್ಮಿ ಮಾಡುತ್ತಾರೆ. ನಮ್ಮ ಕಿವಿಯೊಳಗಿನ ಸಮತೋಲನದ ಅಂಗಕ್ಕೆ ವೇಗ ಹೆಚ್ಚುವುದು ಕಡಿಮೆ ಆದದ್ದು ಮಾತ್ರ ಗೊತ್ತಾಗುತ್ತದೆ, ಅದನ್ನೇ ಅದು ಬೀಳುತ್ತಿದ್ದೇವೆ ಅಂತ ಓದಿಕೊಳ್ಳುತ್ತದೆ. ಲಿಫ್ಟ್ ಮೇಲೆ ಹೋಗಿ ನಿಲ್ಲುವಾಗ ಹೊಟ್ಟೆ ಹಗುರ ಆಗುತ್ತದಲ್ಲ, ಹಾಗೆಯೇ.

ಏರ್‌ಬಸ್ ಎ320 ಆದರೆ ಇನ್ನೊಂದು ತಮಾಷೆ. ನೆಲದ ಮೇಲೆ ಇರುವಾಗ ಒಳಗೆಲ್ಲೋ ನಾಯಿ ಬೊಗಳಿದ ಹಾಗೆ ಸದ್ದು. ಅದು ಒಂದು ಕಡೆಯ ಹೈಡ್ರಾಲಿಕ್ ಒತ್ತಡದಿಂದ ಇನ್ನೊಂದು ಕಡೆಗೆ ಶಕ್ತಿ ಕೊಡುವ ಯಂತ್ರ. ಪಾಪ, ಅದು ಅದರ ಕೆಲಸ ಮಾಡುತ್ತಿರುತ್ತದೆ.

ರೆಕ್ಕೆ ಅಲುಗಾಡುವುದು ನೋಡಿ ಹೆದರುವವರಿಗೆ: ಅಲುಗಾಡಬೇಕು ಅಂತಲೇ ಹಾಗೆ ಮಾಡಿರುವುದು. ಹಾರಾಟದಲ್ಲಿ ಬರಬಹುದಾದ ಅತಿ ದೊಡ್ಡ ಹೊರೆಯ ಒಂದೂವರೆ ಪಟ್ಟು ತಡೆಯಬೇಕು ಅನ್ನುವುದು ನಿಯಮ. 1995ರಲ್ಲಿ ಬೋಯಿಂಗ್ 777 ರೆಕ್ಕೆಯನ್ನು ಬೇಕಂತಲೇ ಮುರಿಯುವ ತನಕ ಬಗ್ಗಿಸಿ ಪರೀಕ್ಷೆ ಮಾಡಿದರು. ಮುರಿದದ್ದು ಆ ಅತಿ ದೊಡ್ಡ ಹೊರೆಯ ಶೇ. 154ರಷ್ಟು ಹೇರಿದಾಗ.

ಅರ್ಧ_ಲೋಟ
ನಟ್ಟುಬೋಲ್ಟು ಸರ್ ಹೇಳಿದ್ದಕ್ಕೆ ಸೇರಿಸುತ್ತೇನೆ. ಎರಡೂ ಇಂಜಿನ್ ನಿಂತರೂ ವಿಮಾನ ಕಲ್ಲಿನ ಹಾಗೆ ಬೀಳುವುದಿಲ್ಲ, ತೇಲುತ್ತದೆ. 35,000 ಅಡಿ ಎತ್ತರದಿಂದ ನೂರೈವತ್ತು ಕಿಲೋಮೀಟರ್ ಆಸುಪಾಸು ತೇಲಿಕೊಂಡು ಹೋಗಬಹುದು. 2001ರಲ್ಲಿ ಏರ್ ಟ್ರಾನ್ಸಾಟ್ ವಿಮಾನಕ್ಕೆ ಅಟ್ಲಾಂಟಿಕ್ ಮೇಲೆ ಇಂಧನ ಪೂರ್ತಿ ಖಾಲಿ ಆಯಿತು. ಸುಮಾರು 19 ನಿಮಿಷ ತೇಲಿಕೊಂಡೇ ಅಜೋರ್ಸ್ ದ್ವೀಪದಲ್ಲಿ ಇಳಿಸಿದರು. 306 ಜನವೂ ಬದುಕಿದರು.

ಕಿಟಕಿ_ಸೀಟು
ಸಮುದ್ರದ ಮೇಲೆ ಇಂಧನ ಖಾಲಿ ಆದ ಕಥೆ ಹೇಳಿ ಧೈರ್ಯ ತುಂಬುವವರನ್ನು ಇವತ್ತೇ ನೋಡಿದ್ದು ಮಾರಾಯ್ರೆ.

ಅರ್ಧ_ಲೋಟ
ಎಲ್ಲರೂ ಬದುಕಿದರು ಅನ್ನುವುದು ಮುಖ್ಯ ಅಲ್ವಾ! ಅಂಕಿ ಅಂಶ ಬೇಕಾದರೆ ತಗೊಳ್ಳಿ: 2023ರಲ್ಲಿ ಇಡೀ ಜಗತ್ತಿನಲ್ಲಿ ವಿಮಾನ ಅಪಘಾತದಲ್ಲಿ ಒಬ್ಬ ಪ್ರಯಾಣಿಕನೂ ಸತ್ತಿಲ್ಲ.

ಗೊಣಗಪ್ಪ
ತಪ್ಪು. ಆ ವರ್ಷ ಜನವರಿಯಲ್ಲೇ ನೇಪಾಳದಲ್ಲಿ ಯೇತಿ ಏರ್‌ಲೈನ್ಸ್ ವಿಮಾನ ಬಿದ್ದು 72 ಜನ ಸತ್ತರು. ನೀವು ಹೇಳಬೇಕಿದ್ದದ್ದು ಜೆಟ್ ಪ್ರಯಾಣಿಕ ವಿಮಾನ ಅಂತ. ಅದು ಪ್ರೊಪೆಲರ್ ಇರುವ ವಿಮಾನ. ಜೆಟ್ ಲೆಕ್ಕ ಮಾತ್ರ ತಗೊಂಡರೆ ನಿಮ್ಮ ಮಾತು ಸರಿ. ಧೈರ್ಯ ಹೇಳುವಾಗಲಾದರೂ ಅರ್ಧ ಸತ್ಯ ಹೇಳಬೇಡಿ. ಅವರು ಗೂಗಲ್ ಮಾಡುತ್ತಾರೆ, ಸುಳ್ಳು ಅಂತ ಗೊತ್ತಾಗುತ್ತದೆ, ಆಮೇಲೆ ನೀವು ಹೇಳಿದ ನಿಜವನ್ನೂ ನಂಬುವುದಿಲ್ಲ.

ಜೊತೆಗೆ ಇದನ್ನೂ ಹೇಳುತ್ತೇನೆ. ರೀಡಿಂಗ್ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಲೆಕ್ಕ: ಉತ್ತರ ಅಟ್ಲಾಂಟಿಕ್ ಮೇಲೆ ಮೋಡ ಇಲ್ಲದ ಗಾಳಿಯಲ್ಲಿ ಬರುವ ತೀವ್ರ ಕುಲುಕಾಟ 1979ರಿಂದ 2020ರ ನಡುವೆ ಶೇ. 55ರಷ್ಟು ಜಾಸ್ತಿ ಆಗಿದೆ.

ಪುಟ್ಟಕ್ಕ
ಗೊಣಗಪ್ಪ ಅವರೇ, ಇದು ಭಯ ಇರುವವರ ಚರ್ಚೆ. ಅದನ್ನು ಈಗ ಹೇಳಲೇಬೇಕಿತ್ತಾ?

ಗೊಣಗಪ್ಪ
ನಿಜ ಹೇಳಬಾರದಾ?

ನಟ್ಟುಬೋಲ್ಟು
ಹೇಳಿ ಸ್ವಾಮಿ, ಪೂರ್ತಿ ಹೇಳಿ. ಅಂಥ ತೀವ್ರ ಕುಲುಕಾಟ ಮೊದಲೂ ತೀರಾ ಅಪರೂಪ, ಈಗಲೂ ಅಪರೂಪ. ಕುಲುಕಾಟದಲ್ಲಿ ಗಾಯ ಆಗುವವರು ಬಹುತೇಕ ಬೆಲ್ಟ್ ಹಾಕದವರು. 2024ರ ಮೇ ತಿಂಗಳಲ್ಲಿ ಸಿಂಗಪುರ್ ಏರ್‌ಲೈನ್ಸ್ ವಿಮಾನದಲ್ಲಿ ಒಬ್ಬರು ತೀರಿಕೊಂಡರು, ಹಲವರಿಗೆ ಗಾಯ ಆಯಿತು. "6,000 ಅಡಿ ಕುಸಿದ ವಿಮಾನ" ಅಂತ ಎಲ್ಲ ಕಡೆ ಬಂತು. ತನಿಖೆಯ ಮೊದಲ ವರದಿ ನೋಡಿದರೆ ವಿಮಾನ ಇಳಿದದ್ದು 178 ಅಡಿ. 6,000 ಅಡಿ ಅನ್ನುವುದು ಆಮೇಲೆ ಪೈಲಟ್ ತಾವೇ ನಿಧಾನವಾಗಿ ಇಳಿಸಿದ್ದು. 178 ಅಡಿಯೂ ಚಿಕ್ಕದಲ್ಲ, ಬೆಲ್ಟ್ ಇಲ್ಲದಿದ್ದರೆ ತಲೆ ಚಾವಣಿಗೆ ಬಡಿಯುತ್ತದೆ. ಆದರೆ ಎರಡರ ನಡುವೆ ಎಷ್ಟು ವ್ಯತ್ಯಾಸ ನೋಡಿ.

ಆದ್ದರಿಂದ ಬೆಲ್ಟ್ ಹಾಕಿ ಅನ್ನುವ ದೀಪ ಆರಿದ ಮೇಲೂ ಬೆಲ್ಟ್ ಸಡಿಲವಾಗಿ ಹಾಕಿಕೊಂಡೇ ಕೂತಿರಿ.

ನಿದ್ದೆಗೇಡಿ
ಎಲ್ಲರಿಗೂ ಥ್ಯಾಂಕ್ಸ್. ಇಂಜಿನ್ ಸದ್ದಿನ ವಿಷಯ ಗೊತ್ತಿರಲಿಲ್ಲ, ಓದಿ ಒಂದು ಗಂಟೆ ಹಾಯಾಗಿತ್ತು. ಆಮೇಲೆ ಗೊಣಗಪ್ಪ ಅವರ ಶೇ. 55 ಓದಿ, ಅದರ ಬಗ್ಗೆ ಹುಡುಕಿ, ಈಗ ನನ್ನ ದಾರಿಯಲ್ಲಿ ಕುಲುಕಾಟ ಎಷ್ಟಿದೆ ಅಂತ ಮುನ್ಸೂಚನೆ ತೋರಿಸುವ ಆ್ಯಪ್ ಹಾಕಿಕೊಂಡಿದ್ದೇನೆ. ಹಳದಿ ಬಣ್ಣ ತೋರಿಸುತ್ತಿದೆ. ಹಳದಿ ಅಂದರೆ ಎಷ್ಟು ಕೆಟ್ಟದ್ದು? ಹೋಗುವ ದಿನಕ್ಕೆ ಹಸಿರು ಆಗಬಹುದಾ?

ಮೌನಗೌರಿ
ನಿದ್ದೆಗೇಡಿ ಅವರೇ, ಆ ಆ್ಯಪ್ ತೆಗೆದುಹಾಕಿ. ಗಂಭೀರವಾಗಿ ಹೇಳುತ್ತಿದ್ದೇನೆ.

ನಾನು ಆಪ್ತ ಸಮಾಲೋಚಕಿ. ಇಲ್ಲಿ ಎಲ್ಲರೂ ಒಳ್ಳೆಯ ಮನಸ್ಸಿನಿಂದಲೇ ಮಾಹಿತಿ ಕೊಡುತ್ತಿದ್ದಾರೆ. ಆದರೆ ನಿಮ್ಮ ಮೊದಲ ಪೋಸ್ಟ್ ಇನ್ನೊಮ್ಮೆ ಓದಿ. ಭಯ ಬಂತು, ಹುಡುಕಿದಿರಿ, ಸ್ವಲ್ಪ ಸಮಾಧಾನ ಆಯಿತು, ಆಮೇಲೆ ಇನ್ನೊಂದು ಸಂಶಯ ಬಂತು, ಮತ್ತೆ ಹುಡುಕಿದಿರಿ. ಪ್ರತಿ ಸಲ ಹುಡುಕಿದಾಗಲೂ ಮನಸ್ಸಿಗೆ ಸಿಗುವ ಪಾಠ ಒಂದೇ: ಇಲ್ಲಿ ಏನೋ ಅಪಾಯ ಇದೆ, ಇಲ್ಲದಿದ್ದರೆ ಯಾಕೆ ಇಷ್ಟೊಂದು ಕಾವಲು? ಭರವಸೆ ಕೇಳುವುದೂ ಹಾಗೆಯೇ. ತಂಗಿಯನ್ನು ಕೇಳುವುದು, ಇಲ್ಲಿ ಕೇಳುವುದು, ಹಸಿರು ಹಳದಿ ನೋಡುವುದು, ಎಲ್ಲ ಒಂದೇ ಜಾತಿ. ಸಮಾಧಾನ ಸಿಗುತ್ತದೆ, ಆದರೆ ನಿಲ್ಲುವುದಿಲ್ಲ.

ಹಾಗಂತ ಭಯವನ್ನು ಓಡಿಸಿ ಅಂತಲೂ ಹೇಳುತ್ತಿಲ್ಲ. "ಭಯ ಹೋದ ಮೇಲೆ ವಿಮಾನ ಹತ್ತುತ್ತೇನೆ" ಅನ್ನುವುದೇ ಸಿಕ್ಕಿಹಾಕಿಕೊಳ್ಳುವ ಜಾಗ. ಭಯ ಇಟ್ಟುಕೊಂಡೇ ಹತ್ತುವುದು ಅಂತ ತೀರ್ಮಾನ ಮಾಡಿಬಿಟ್ಟರೆ ಈ ದಿನಗಳ ಕುಸ್ತಿ ಅರ್ಧ ಕಡಿಮೆ ಆಗುತ್ತದೆ. ದಿನಕ್ಕೆ ಒಂದು ಹೊತ್ತು ಗೊತ್ತು ಮಾಡಿ, ಸಂಜೆ ಹದಿನೈದು ನಿಮಿಷ ಅಂತಿಟ್ಟುಕೊಳ್ಳಿ. ಚಿಂತೆ ಎಲ್ಲ ಆಗಲೇ ಮಾಡಿ, ಕಾಗದದ ಮೇಲೆ ಬರೆದು ಮಾಡಿ. ಬೇರೆ ಹೊತ್ತಿನಲ್ಲಿ ಬಂದರೆ "ಸಂಜೆ ನೋಡೋಣ" ಅಂತ ಮುಂದಕ್ಕೆ ತಳ್ಳಿ. ಮಲಗುವ ಹೊತ್ತು ಮಾತ್ರ ಗೊತ್ತು ಮಾಡಬೇಡಿ.

ಟಿಕೆಟ್ ರದ್ದು ಮಾಡಿದರೆ ಆ ಕ್ಷಣಕ್ಕೆ ಸ್ವರ್ಗ ಸಿಕ್ಕ ಹಾಗಾಗುತ್ತದೆ. ಮುಂದಿನ ಸಲದ ಭಯ ಅಲ್ಲೇ ಬೆಳೆಯುತ್ತದೆ.

ನಟ್ಟುಬೋಲ್ಟು
ಮೇಡಂ, ಹಾಗಾದರೆ ನಾನು ಅಷ್ಟುದ್ದ ಬರೆದದ್ದು ದಂಡವಾ?

ಮೌನಗೌರಿ
ಇಲ್ಲ ಸರ್. ಸದ್ದುಗಳ ವಿಷಯ ಒಮ್ಮೆ ಓದಿ ತಿಳಿದುಕೊಳ್ಳುವುದು ಒಳ್ಳೆಯದೇ. ಅದನ್ನೇ ರಾತ್ರಿ ಎರಡು ಗಂಟೆಗೆ ಎದ್ದು ಮತ್ತೆ ಮತ್ತೆ ಓದಿದರೆ ಅದು ಮಾಹಿತಿಯಾಗಿ ಉಳಿಯುವುದಿಲ್ಲ.

ಗೊಣಗಪ್ಪ
ಒಪ್ಪುವುದಿಲ್ಲ. ನನ್ನ ಭಯ ಹೋದದ್ದೇ ಓದಿ ಓದಿ. ವಿಮಾನ ಹೇಗೆ ಹಾರುತ್ತದೆ ಅಂತ ಬುಡದಿಂದ ಕಲಿತೆ. ಈಗ ಕುಲುಕಿದರೆ ಖುಷಿ ಆಗುತ್ತದೆ. ಎಲ್ಲರಿಗೂ ಒಂದೇ ಮದ್ದು ಅಂತ ಹೇಳಬೇಡಿ.

ಪುಟ್ಟಕ್ಕ
ನಿಮಗೆ ಕುತೂಹಲ ಇತ್ತು, ಅದಕ್ಕೆ ಓದಿದಿರಿ. ಅವರು ಹೆದರಿ ಓದುತ್ತಿದ್ದಾರೆ. ಎರಡೂ ಒಂದೇನಾ?

ಗೊಣಗಪ್ಪ
ಇದು ಒಳ್ಳೆ ಪಾಯಿಂಟ್. ಯೋಚನೆ ಮಾಡಬೇಕು.

ಸುಮ್ನೆ_ಓದೋನು
ಗೊಣಗಪ್ಪ ಒಪ್ಪಿದ ದಿನ. ಯಾರಾದರೂ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಮೂರನೇ_ಸಾಲು
ಇಷ್ಟೆಲ್ಲ ಯಾಕೆ, ಒಂದು ನಿದ್ದೆ ಮಾತ್ರೆ, ಮೇಲೆ ಎರಡು ಪೆಗ್. ಕಣ್ಣು ಬಿಟ್ಟರೆ ಊರು ಬಂದಿರುತ್ತದೆ.

ಬಿಳಿಕೋಟು
ದಯವಿಟ್ಟು ಯಾರೂ ಹೀಗೆ ಮಾಡಬೇಡಿ. ನಿದ್ದೆ ಮಾತ್ರೆ ಅಥವಾ ಆತಂಕದ ಮಾತ್ರೆಯ ಜೊತೆ ಮದ್ಯ ಸೇರಿದರೆ ಉಸಿರಾಟವೇ ಕುಗ್ಗಬಹುದು. ಇನ್ನೊಂದು, ಗಂಟೆಗಟ್ಟಲೆ ಅಲುಗಾಡದೆ ಬಿದ್ದುಕೊಂಡರೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವೂ ಹೆಚ್ಚುತ್ತದೆ. ಎದೆ ಬಡಿತ ಕಡಿಮೆ ಮಾಡಲು ಕೆಲವರು ಪ್ರೊಪ್ರನೊಲಾಲ್ ತಗೊಳ್ಳುತ್ತಾರೆ. ಅದು ಅಸ್ತಮಾ ಇರುವವರಿಗೆ ಅಪಾಯ. ಮಾತ್ರೆ ಬೇಕೇ ಬೇಕು ಅನ್ನಿಸಿದರೆ ಡಾಕ್ಟರ್ ಹತ್ತಿರ ಹೋಗಿ, ಹೊರಡುವುದಕ್ಕೆ ಮುಂಚೆ ಮನೆಯಲ್ಲಿ ಒಮ್ಮೆ ತಗೊಂಡು ಹೇಗಾಗುತ್ತದೆ ಅಂತ ನೋಡುವುದರ ಬಗ್ಗೆಯೂ ಅವರನ್ನೇ ಕೇಳಿ. ಪಕ್ಕದವರ ಮಾತ್ರೆ ತಗೊಳ್ಳಬೇಡಿ.

ಕಾಫಿಯನ್ನೂ ಆ ದಿನ ಕಮ್ಮಿ ಮಾಡಿ. ಕಾಫಿಯ ಎದೆಬಡಿತ ಯಾವುದು, ಭಯದ ಎದೆಬಡಿತ ಯಾವುದು ಅಂತ ದೇಹಕ್ಕೆ ಗೊತ್ತಾಗುವುದಿಲ್ಲ.

ಮೂರನೇ_ಸಾಲು
ಸರಿ ಡಾಕ್ಟ್ರೇ, ತಮಾಷೆಗೆ ಅಂದೆ.

ಬಿಳಿಕೋಟು
ಕಾಫಿ ಬಿಡುವುದಕ್ಕಿಂತ ಮುಖ್ಯವಾದದ್ದು ಉಸಿರು. ದಿಗಿಲಾದಾಗ ನಾವು ಗೊತ್ತಿಲ್ಲದೆ ಬೇಗ ಬೇಗ ಉಸಿರಾಡುತ್ತೇವೆ. ರಕ್ತದಲ್ಲಿ ಕಾರ್ಬನ್ ಡೈಆಕ್ಸೈಡ್ ಕಡಿಮೆ ಆಗುತ್ತದೆ. ಬೆರಳು ಜುಮ್ಮೆನ್ನುವುದು, ತಲೆ ತಿರುಗುವುದು, ಎದೆ ಬಿಗಿ ಹಿಡಿಯುವುದು ಎಲ್ಲ ಅದರಿಂದ. ಉಸಿರೇ ಸಿಗುತ್ತಿಲ್ಲ ಅನ್ನಿಸುತ್ತದೆ, ನಿಜವಾಗಿ ಜಾಸ್ತಿ ಉಸಿರಾಡಿರುತ್ತೀರಿ. ಅದಕ್ಕೇ "ಜೋರಾಗಿ ಉಸಿರು ಎಳ್ಕೋ" ಅನ್ನುವ ಸಲಹೆ ಕೆಲಸ ಮಾಡುವುದಿಲ್ಲ. ಬಿಡುವುದು ನಿಧಾನ ಆಗಬೇಕು. ನಾಲ್ಕು ಎಣಿಸುತ್ತಾ ಮೂಗಿನಿಂದ ತಗೊಳ್ಳಿ, ಆರೋ ಏಳೋ ಎಣಿಸುತ್ತಾ ಬಿಡಿ. ಈಗಿನಿಂದಲೇ, ಭಯ ಇಲ್ಲದ ಹೊತ್ತಿನಲ್ಲಿ ಅಭ್ಯಾಸ ಮಾಡಿ. ವಿಮಾನದಲ್ಲಿ ಮೊದಲ ಸಲ ಮಾಡಹೊರಟರೆ ಎಣಿಕೆಯೇ ತಪ್ಪುತ್ತದೆ.

ಗುಬ್ಬಿಗೂಡು
ನನ್ನ ಸಮಸ್ಯೆ ಬೀಳುವ ಭಯ ಅಲ್ಲ. ಬಾಗಿಲು ಮುಚ್ಚುತ್ತಾರಲ್ಲ, ಆ ಕ್ಷಣ. ಇನ್ನು ಇಳಿಯುವ ಹಾಗಿಲ್ಲ ಅಂದುಕೊಂಡರೆ ಗಾಳಿಯೇ ಇಲ್ಲ ಅನ್ನಿಸುತ್ತದೆ. ಇಲ್ಲಿ ಯಾರಿಗಾದರೂ ಹಾಗಾಗುತ್ತದಾ?

ನಟ್ಟುಬೋಲ್ಟು
ಗಾಳಿ ವಿಷಯ ನಾನು ಹೇಳಬಹುದಾ, ಮೌನಗೌರಿ ಮೇಡಂ ಅಪ್ಪಣೆ ಇದ್ದರೆ? ಹಾರಾಟದಲ್ಲಿ ಕ್ಯಾಬಿನ್ ಗಾಳಿ ಎರಡು ಮೂರು ನಿಮಿಷಕ್ಕೊಮ್ಮೆ ಪೂರ್ತಿ ಬದಲಾಗುತ್ತದೆ. ಸುಮಾರು ಅರ್ಧ ಹೊರಗಿನದು, ಇನ್ನರ್ಧ ಸೋಸಿ ಬರುವುದು. ನೀವು ಕೂತಿರುವ ಆಫೀಸ್ ಕೋಣೆಯಲ್ಲೂ ಅಷ್ಟು ಬೇಗ ಬದಲಾಗುವುದಿಲ್ಲ. ತಲೆ ಮೇಲಿನ ಗಾಳಿ ಕಿಂಡಿ ಮುಖಕ್ಕೆ ತಿರುಗಿಸಿಕೊಳ್ಳಿ. ತಣ್ಣಗೆ ಮುಖಕ್ಕೆ ಬಡಿದರೆ ಉಸಿರಿದೆ ಅಂತ ಮನಸ್ಸಿಗೆ ಖಾತ್ರಿ ಆಗುತ್ತದೆ.

ಮೌನಗೌರಿ
ಅಪ್ಪಣೆ ಇದೆ.

ಗುಬ್ಬಿಗೂಡು, ನಿಮ್ಮಂಥವರು ತುಂಬಾ ಜನ ಇದ್ದಾರೆ. ನಡುದಾರಿ ಪಕ್ಕದ ಸೀಟು ತಗೊಳ್ಳಿ, ಏಳಬಹುದು, ಓಡಾಡಬಹುದು. ಹತ್ತುವಾಗಲೇ ಗಗನಸಖಿಗೆ ಒಂದು ಮಾತು ಹೇಳಿ. ನಾಚಿಕೆ ಪಡಬೇಡಿ, ಅವರಿಗೆ ಇದು ದಿನನಿತ್ಯದ್ದು. ಹೇಳಿಕೊಂಡ ಕೂಡಲೇ ಬಚ್ಚಿಡುವ ಕೆಲಸ ತಪ್ಪುತ್ತದೆ, ಅದೇ ದೊಡ್ಡ ಹೊರೆ. ದಿಗಿಲು ಏರುವುದು ಕೆಲವು ನಿಮಿಷ, ಆಮೇಲೆ ತಾನೇ ಇಳಿಯುತ್ತದೆ. ಏರಿಕೊಂಡೇ ಹೋಗುವುದಿಲ್ಲ.

ಕಿಟಕಿ_ಸೀಟು
ನನ್ನ ಭಯ ಉಲ್ಟಾ. ಪಕ್ಕದಲ್ಲಿ ಕೂತವನು ದಿಗಿಲಾಗಿ ಬಾಗಿಲು ತೆಗೆದುಬಿಟ್ಟರೆ?

ಅರ್ಧ_ಲೋಟ
ಸಾಧ್ಯವೇ ಇಲ್ಲ. ಒಳಗಿನ ಗಾಳಿಯ ಒತ್ತಡ ಬಾಗಿಲನ್ನು ಚೌಕಟ್ಟಿಗೆ ಒತ್ತಿ ಹಿಡಿದಿರುತ್ತದೆ. ಯಾವ ಪೈಲ್ವಾನನಿಂದಲೂ ಆಗುವುದಿಲ್ಲ.

ಗೊಣಗಪ್ಪ
ಎತ್ತರದಲ್ಲಿ ಆಗುವುದಿಲ್ಲ. ನೆಲದ ಹತ್ತಿರ ಒತ್ತಡದ ವ್ಯತ್ಯಾಸ ಇರುವುದಿಲ್ಲ. 2023ರ ಮೇನಲ್ಲಿ ದಕ್ಷಿಣ ಕೊರಿಯಾದಲ್ಲಿ ಏಷ್ಯಾನಾ ವಿಮಾನ ಇಳಿಯಲು ಇನ್ನೂರು ಮೀಟರ್ ಚಿಲ್ಲರೆ ಇದ್ದಾಗ ಒಬ್ಬ ಬಾಗಿಲು ತೆಗೆದ. ವಿಮಾನ ಹಾಗೆಯೇ ಇಳಿಯಿತು, ಯಾರೂ ಸಾಯಲಿಲ್ಲ. ನೋಡಿ ಪುಟ್ಟಕ್ಕ, ಈ ಸಲ ಕೊನೆ ಸಾಲು ಸೇರಿಸಿದ್ದೇನೆ.

ಪುಟ್ಟಕ್ಕ
ಕೊನೆ ಸಾಲಿಗೆ ಥ್ಯಾಂಕ್ಸ್. ಮೊದಲಿನ ಸಾಲುಗಳಿಗೆ ಇಲ್ಲ.

ಅಂದಹಾಗೆ ನಾನೂ ಒಂದು ಕೇಳಬೇಕಿತ್ತು. ನನಗೆ ಭಯ ಇಲ್ಲ, ನಮ್ಮ ಯಜಮಾನರಿಗೆ. ಹೊರಡುವ ಎರಡು ಮೂರು ದಿನ ಮುಂಚೆಯಿಂದ ಮನೆಯಲ್ಲಿ ಸಿಡಿಮಿಡಿ. ಸೂಟ್‌ಕೇಸ್ ಸರಿ ಇಲ್ಲ ಅಂತ ಜಗಳ, ಬೇಗ ಹೊರಡಲಿಲ್ಲ ಅಂತ ಜಗಳ. ಇದು ಭಯ ಅಂತ ಅರ್ಥ ಆಗುವುದಕ್ಕೇ ನನಗೆ ವರ್ಷಗಳು ಬೇಕಾದವು. ಒಪ್ಪಿಕೊಳ್ಳುವುದಿಲ್ಲ ಬೇರೆ. ಪಕ್ಕದಲ್ಲಿ ಕೂತು ನಾನು ಏನು ಮಾಡಬೇಕು?

ಹಳೇ_ಪಯಣಿಗ
ತಂಗಿ, ನಿಮ್ಮ ಯಜಮಾನರ ಜಾತಿಯವನೇ ನಾನು. ನನ್ನ ಹೆಂಡತಿ ಮಾಡಿದ್ದು ಹೇಳುತ್ತೇನೆ. "ಹೆದರಬೇಡಿ" ಅನ್ನುವುದನ್ನು ಬಿಟ್ಟುಬಿಟ್ಟಳು. ವಿಮಾನ ಅಲುಗಿದಾಗಲೆಲ್ಲ ನನ್ನ ಮುಖ ನೋಡುವುದನ್ನೂ ಬಿಟ್ಟಳು. ಅದು ದೊಡ್ಡ ಉಪಕಾರ. ಯಾರಾದರೂ ಮುಖ ನೋಡಿದರೆ ನಾವು ಇನ್ನೂ ಸೆಟೆದು ಕೂರುತ್ತೇವೆ. ಸುಮ್ನೆ ಕೈ ಹಿಡಿದು, ವಾಪಸ್ ಬಂದ ಮೇಲೆ ಮನೆಗೆ ಯಾವ ಬಣ್ಣ ಹೊಡೆಸೋಣ ಅನ್ನುವಂಥ, ಜಗಳ ಆಡಬಹುದಾದ ವಿಷಯ ತೆಗೆಯುತ್ತಾಳೆ. ಜಗಳದಲ್ಲಿ ಅರ್ಧ ದಾರಿ ಮುಗಿದಿರುತ್ತದೆ.

ಮುಂಚಿನ ದಿನಗಳ ಸಿಡಿಮಿಡಿಗೆ ಅವರಿಗೆ ಕೆಲಸ ಕೊಡಿ. ಟಿಕೆಟ್, ಗುರುತಿನ ಚೀಟಿ, ಚಾರ್ಜರ್, ಗಾಡಿ ಬುಕ್ ಮಾಡುವುದು. ಎಲ್ಲ ನೀವೇ ಮಾಡಿಬಿಟ್ಟರೆ ಅವರಿಗೆ ಕೂತು ಯೋಚಿಸಲು ಬಿಡುವು ಸಿಗುತ್ತದೆ.

ಸುಮ್ನೆ_ಓದೋನು
ಫುಟ್‌ಬಾಲ್ ಆಟಗಾರ ಡೆನಿಸ್ ಬೆರ್ಗ್‌ಕಾಂಪ್ ವಿಮಾನ ಹತ್ತುವುದನ್ನೇ ಬಿಟ್ಟುಬಿಟ್ಟಿದ್ದ ಗೊತ್ತಾ? ದೂರದ ಮ್ಯಾಚ್‌ಗಳನ್ನು ಕಾರು, ರೈಲಿನಲ್ಲಿ ಹೋಗಬಹುದಾದರೆ ಮಾತ್ರ ಆಡುತ್ತಿದ್ದ. ಅಷ್ಟು ದೊಡ್ಡ ಆಟಗಾರ.

ಮೂರನೇ_ಸಾಲು
ಅವನ ಕ್ಲಬ್ ಒಪ್ಪಿತು. ನಮ್ಮ ಮ್ಯಾನೇಜರ್ ಒಪ್ಪಬೇಕಲ್ಲ.

ಅರ್ಧ_ಲೋಟ
ಕಾರಲ್ಲಿ ಹೋದರೆ ಸೇಫ್ ಅಂತ ಅಲ್ಲ. 2001ರ ಸೆಪ್ಟೆಂಬರ್ ದಾಳಿ ಆದ ಮೇಲೆ ಅಮೆರಿಕದಲ್ಲಿ ತುಂಬಾ ಜನ ವಿಮಾನ ಬಿಟ್ಟು ಕಾರು ಹಿಡಿದರು. ಮುಂದಿನ ಒಂದು ವರ್ಷದಲ್ಲಿ ಅದರಿಂದಾಗಿ ರಸ್ತೆಯಲ್ಲಿ ಸುಮಾರು 1,500 ಜನ ಹೆಚ್ಚಿಗೆ ಸತ್ತರು ಅಂತ ಗೆರ್ಡ್ ಗಿಗೆರೆಂಜರ್ ಅನ್ನುವ ಮನಶ್ಶಾಸ್ತ್ರಜ್ಞ ಅಂದಾಜು ಮಾಡಿದ್ದಾರೆ. ಗೊಣಗಪ್ಪ, ಇದರಲ್ಲಿ ತಪ್ಪಿದ್ದರೆ ಹೇಳಿ.

ಗೊಣಗಪ್ಪ
ಇಲ್ಲ. ಸರಿ ಇದೆ. ಆದರೆ ಭಯ ಲೆಕ್ಕ ಕೇಳುವುದಿಲ್ಲ ಅಂತ ಈ ಚರ್ಚೆಯಲ್ಲಿ ಕಲಿತೆ.

ನಿದ್ದೆಗೇಡಿ
ಆ್ಯಪ್ ತೆಗೆದೆ. ಮೊದಲ ದಿನ ಕೈ ತುರಿಸುತ್ತಿತ್ತು. ಸಂಜೆ ಕೂತು ಬರೆಯುವುದು ಶುರು ಮಾಡಿದೆ. ವಿಚಿತ್ರ ಏನೆಂದರೆ, ಬರೆಯಲು ಹೊರಟರೆ ಒಂದು ಪುಟಕ್ಕಿಂತ ಜಾಸ್ತಿ ಬರುತ್ತಿಲ್ಲ. ತಿರುಗಿ ತಿರುಗಿ ಅದೇ ಮಾತು. ಭಯ ಕಡಿಮೆ ಆಗಿದೆ ಅಂತ ಹೇಳಲಾರೆ. ಆದರೆ ರದ್ದು ಮಾಡುವ ಪುಟ ತೆರೆದಿಲ್ಲ. ಸೀಟು ಯಾವುದು ತಗೊಳ್ಳಲಿ, ಅದೊಂದು ಹೇಳಿಬಿಡಿ. ಇದು ಭರವಸೆ ಕೇಳುವುದಲ್ಲ ಅಲ್ವಾ ಮೇಡಂ?

ಮೌನಗೌರಿ
ಒಂದು ಸಲ ಕೇಳಿ, ಬುಕ್ ಮಾಡಿ, ಮುಗಿಸಿದರೆ ಅಲ್ಲ.

ನಟ್ಟುಬೋಲ್ಟು
ರೆಕ್ಕೆಯ ಹತ್ತಿರ. ಕುಲುಕಾಟ ಅಲ್ಲಿ ಕಡಿಮೆ ಗೊತ್ತಾಗುತ್ತದೆ, ಬಾಲದ ಕಡೆ ಜಾಸ್ತಿ. ಮುಂದಿನ ಸಲ ಸಮಯ ಆರಿಸುವ ಹಾಗಿದ್ದರೆ ಬೆಳಗಿನ ವಿಮಾನ ತಗೊಳ್ಳಿ. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುವುದು ಶುರು ಆಗಿರುವುದಿಲ್ಲ.

ಕಿಟಕಿ_ಸೀಟು
ರೆಕ್ಕೆ ಹತ್ತಿರ ಕಿಟಕಿ ಸೀಟು ತಗೊಂಡರೆ ರೆಕ್ಕೆ ಬಿಟ್ಟು ಬೇರೇನೂ ಕಾಣುವುದಿಲ್ಲ. ಅಲುಗಾಡುವ ರೆಕ್ಕೆ ನೋಡಿಕೊಂಡು ಕೂರಬೇಕು. ನಡುದಾರಿ ಪಕ್ಕದ್ದೇ ತಗೊಳ್ಳಿ.

ನಿದ್ದೆಗೇಡಿ
ಬುಕ್ ಆಯಿತು. ರೆಕ್ಕೆ ಹತ್ತಿರ, ನಡುದಾರಿ ಪಕ್ಕ.

ಗುಬ್ಬಿಗೂಡು
ನೆಗಡಿ ಇದ್ದರೆ ಕಿವಿ ನೋವು ಬರುತ್ತದೆ ಅನ್ನುತ್ತಾರಲ್ಲ, ಅದಕ್ಕೆ ಏನು ಮಾಡುವುದು? ವಿಷಯ ಬೇರೆ ಅಂತ ಬೈಯಬೇಡಿ.

ಬಿಳಿಕೋಟು
ಇಳಿಯುವಾಗಲೇ ನೋವು ಜಾಸ್ತಿ, ಆಗ ನಿದ್ದೆ ಮಾಡಬೇಡಿ. ಎಂಜಲು ನುಂಗುತ್ತಿರಿ, ಆಕಳಿಸಿ, ಏನಾದರೂ ಜಗಿಯಿರಿ. ಮೂಗು ಹಿಡಿದು ಜೋರಾಗಿ ಊದಬೇಡಿ, ನೆಗಡಿ ಇದ್ದಾಗಂತೂ ಬೇಡವೇ ಬೇಡ. ಮೂಗು ಪೂರ್ತಿ ಕಟ್ಟಿದ್ದು ಕಿವಿಯೂ ನೋಯುತ್ತಿದ್ದರೆ ಹೊರಡುವ ಮುಂಚೆ ಡಾಕ್ಟರ್ ಹತ್ತಿರ ತೋರಿಸಿ.